ಇಟಲಿಯ ಕಾವ್ಯಕಲೆಗಳಲ್ಲಿ ಮೊರ್ಗಾನಾ

೧

ಮಧ್ಯಯುಗದ ಯೂರೋಪಿನ ಕಥಾಸಾಹಿತ್ಯದಲ್ಲಿ ಬ್ರಿಟನ್ನಿನ ಆರ್ಥರ್ ರಾಜನ ಕಥಾಚಕ್ರಕ್ಕೆ ಇರುವ ಸ್ಥಾನವು ವಿದ್ವಾಂಸರಿಗೆ ವಿದಿತವಾದುದೇ ಆಗಿದೆ. ಆ ಚಕ್ರದಲ್ಲಿ ಬರುವ ಮಾಯಾವಿನಿಯರ ಪೈಕಿ ಮಾರ್ಗನ್ ಎಂಬವಳು ಅಗ್ರಗಣ್ಯಳು. ಈಕೆಯು ಇಟಲಿಗೆ ಬಂದು 'ಫಾತಾ ಮೊರ್ಗಾನಾ' ಎಂಬ ಹೆಸರನ್ನು ತಾಳಿದಳು. ಅಲ್ಲಿ ಒಂದೊಂದು ಶತಮಾನದಲ್ಲಿಯೂ ಒಂದೊಂದು ವೇಷವನ್ನು ಧರಿಸುತ್ತ, ಕಟ್ಟಕಡೆಗೆ ಸಮುದ್ರದ ಮೇಲೆ ಕಾಣುವ ಒಂದು ಬಿಸಿಲ್ಗುದುರೆಯ ಹೆಸರಾಗಿ ಉಳಿದಳು. ಈ ಪರಿಣಾಮವನ್ನು ಒಂದು ಅವನತಿಯೆಂದು ಎಣಿಸುವುದು ಸುಲಭ. ರಾಜನ ಗಾಯವನ್ನು ಮಾಯಿಸಬಲ್ಲ ದಿವ್ಯವೈದ್ಯೆಯು ಹಣದ ಪೆಟ್ಟಿಗೆಯನ್ನು ಕಾಯುವವಳಾದಳು, ಅನಂತರ ನಾಟಕದ ನಗೆಪಾತ್ರವಾದಳು, ಕೊನೆಗೆ ಬರಿಯ ಗಾಳಿಬೆಳಕುಗಳ ಆಟವಾದಳು ಎಂಬುದು ಆ ವಾದದ ಸಾರ. ಇಟಲಿಯ ಕವಿಗಳು ಜೀವಂತವಾದ ಪುರಾಣವ್ಯಕ್ತಿಯೊಬ್ಬಳನ್ನು ಒಣ ರೂಪಕವಾಗಿ ಮಾಡಿಬಿಟ್ಟರೆಂಬ ಆಕ್ಷೇಪಣೆಯೂ ಇದರೊಡನೆ ಸೇರಿಕೊಳ್ಳುತ್ತದೆ.

ಈ ತೀರ್ಪು ಸರಿಯೇ ಎಂಬುದು ಇಲ್ಲಿ ವಿಚಾರಮಾಡಬೇಕಾದ ವಿಷಯ. ಒಂದು ಕಥೆಯು ತನ್ನ ಜನ್ಮಭೂಮಿಯನ್ನು ಬಿಟ್ಟು ಪರದೇಶಕ್ಕೆ ಹೋದಾಗ ಅದರ ಬೆಲೆಯನ್ನು ಮೂಲದಿಂದಲೇ ಅಳೆಯಬೇಕೆ, ಅಥವಾ ಹೋದ ನಾಡಿನಲ್ಲಿ ಅದು ಮಾಡಿದ ಕೆಲಸದಿಂದ ಅಳೆಯಬೇಕೆ ಎಂಬ ಪ್ರಶ್ನೆಯು ಇದರಲ್ಲಿ ಅಡಗಿದೆ. ಸಾಹಿತ್ಯವನ್ನು ಬೋಧಿಸುವವರಿಗೆ ಇದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ.

೨

ಮೊದಲು ಮೂಲವನ್ನು ನೋಡಬೇಕು. ಮಾನ್ಮತ್ ಊರಿನ ಜೆಫ್ರಿಯು ಸುಮಾರು ೧೧೫೦ರಲ್ಲಿ ಲ್ಯಾಟಿನ್ ಪದ್ಯದಲ್ಲಿ ಬರೆದ 'ಮರ್ಲಿನನ ಚರಿತೆ'ಯಲ್ಲಿ ಈಕೆಯು ಮೊದಲು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾಳೆ. ಸೇಬುಗಳ ದ್ವೀಪದಲ್ಲಿ ಒಂಬತ್ತು ಮಂದಿ ಸೋದರಿಯರಿದ್ದಾರೆ. ಅವರಲ್ಲಿ ರೂಪದಿಂದಲೂ ವಿದ್ಯೆಯಿಂದಲೂ ಹಿರಿಯಳಾದವಳು ಮಾರ್ಗೆನ್. ಆಕೆಯು ಮೂಲಿಕೆಗಳ ಗುಣವನ್ನು ಬಲ್ಲವಳು, ರೂಪವನ್ನು ಬದಲಿಸಬಲ್ಲವಳು, ಆಕಾಶದಲ್ಲಿ ಹಾರಬಲ್ಲವಳು. ಕೊನೆಯ ಯುದ್ಧದಲ್ಲಿ ಗಾಯಗೊಂಡ ಆರ್ಥರನನ್ನು ಅವಳ ಬಳಿಗೆ ಒಯ್ಯುತ್ತಾರೆ. ಬಹುಕಾಲ ತನ್ನಲ್ಲಿಯೇ ಇದ್ದರೆ ಗುಣಪಡಿಸುವೆನೆಂದು ಅವಳು ಹೇಳುತ್ತಾಳೆ. ಆರ್ಥರನ ಸೋದರಿಯೆಂಬ ಸಂಬಂಧವು ಅನಂತರದ ಫ್ರೆಂಚ್ ಕವಿಗಳಲ್ಲಿ ದೊರೆಯುತ್ತದೆ. ಹದಿಮೂರನೆಯ ಶತಮಾನದ ಫ್ರೆಂಚ್ ಗದ್ಯಕಥೆಗಳಲ್ಲಿ ಅವಳ ಸ್ವಭಾವವು ಕಪ್ಪಾಗುತ್ತ ಹೋಗುತ್ತದೆ. ರಾಣಿ ಗ್ವಿನಿವಿಯರಳ ವೈರಿಣಿಯಾಗಿ, ಪ್ರೇಮದಲ್ಲಿ ವಂಚಿಸಿದ ಪುರುಷರನ್ನು ಮರಳಿಬಾರದ ಕಣಿವೆಯಲ್ಲಿ ಸೆರೆಯಿಡುವವಳಾಗಿ ಅವಳು ಚಿತ್ರಿತಳಾಗುತ್ತಾಳೆ.

ಇದರಿಂದ ಒಂದು ಸಂಗತಿಯು ಸಿದ್ಧವಾಗುತ್ತದೆ. ಗುಣಪಡಿಸುವ ಕೈಯೇ ಬಂಧಿಸುವ ಕೈಯೂ ಆದ ವೈರುಧ್ಯವು ಅವಳಲ್ಲಿ ಇಟಲಿಯ ಕವಿಗಳು ತಂದುಹಾಕಿದುದಲ್ಲ. ಅವರು ಅದನ್ನು ಪಿತ್ರಾರ್ಜಿತವಾಗಿ ಪಡೆದರು. ಮೂಲವು ನಿರ್ಮಲವಾಗಿತ್ತು, ಇಟಲಿಯು ಅದನ್ನು ಕೆಡಿಸಿತು ಎಂಬ ವಾದದ ಮೊದಲ ಕಂಬವು ಇಲ್ಲಿಯೇ ಸಡಿಲವಾಗುತ್ತದೆ.

೩

ಆರ್ಥರನ ಕಥೆಯು ಇಟಲಿಗೆ ಬಂದುದು ಬಹು ಬೇಗನೆ. ಮೊದೆನಾ ನಗರದ ಪ್ರಧಾನ ದೇವಾಲಯದ ಬಾಗಿಲೊಂದರ ಕಮಾನಿನ ಮೇಲೆ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕೆತ್ತಿದ ಶಿಲ್ಪದಲ್ಲಿ ಆರ್ಥರನ ಹೆಸರಿದೆ. ದಕ್ಷಿಣದ ಒತ್ರಾಂತೊ ನಗರದಲ್ಲಿ ಪಾಂತಾಲೆಯೋನೆ ಎಂಬ ಪಾದ್ರಿಯು ೧೧೬೩ರಿಂದ ೧೧೬೫ರ ವರೆಗೆ ದೇವಾಲಯದ ನೆಲದಲ್ಲಿ ಬಣ್ಣದ ಕಲ್ಲುಗಳನ್ನು ಕೂಡಿಸಿ ಬರೆಯಿಸಿದ ಮಹಾಚಿತ್ರದಲ್ಲಿ, ಆಡಿನಂತಹ ಮೃಗವನ್ನೇರಿದ ಆರ್ಥರ್ ರಾಜನಿದ್ದಾನೆ. ದಕ್ಷಿಣ ಇಟಲಿಯನ್ನೂ ಸಿಸಿಲಿಯನ್ನೂ ಆಳುತ್ತಿದ್ದ ನಾರ್ಮನ್ನರ ಪರಿವಾರದೊಡನೆ ಉತ್ತರದ ಕಥೆಗಳು ಅಲ್ಲಿಗೆ ಇಳಿದುಬಂದವೆಂದು ಊಹಿಸುವುದು ಯುಕ್ತವಾಗಿದೆ.

ಸಿಸಿಲಿಯಲ್ಲಿ ಕಥೆಯು ಹೊಸ ಮನೆಯನ್ನು ಹುಡುಕಿಕೊಂಡಿತು. ಚಕ್ರವರ್ತಿ ನಾಲ್ಕನೆಯ ಓಟ್ಟೊವಿಗಾಗಿ ಟಿಲ್ಬರಿಯ ಜರ್ವೇಸನು ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ರಚಿಸಿದ ಲ್ಯಾಟಿನ್ ಗ್ರಂಥದಲ್ಲಿ ಒಂದು ವೃತ್ತಾಂತವಿದೆ. ಕತಾನಿಯಾ ನಗರದ ಬಿಷಪ್ಪನ ಕುದುರೆಯಾಳು ತಪ್ಪಿಸಿಕೊಂಡ ಕುದುರೆಯನ್ನು ಅಟ್ಟಿಕೊಂಡು ಎಟ್ನಾ ಪರ್ವತವನ್ನು ಹತ್ತುತ್ತಾನೆ. ಇಕ್ಕಟ್ಟಾದ ದಾರಿಯು ಅವನನ್ನು ರಮ್ಯವಾದ ಬಯಲಿಗೂ ಅಲ್ಲಿಂದ ಒಂದು ಅರಮನೆಗೂ ಕೊಂಡೊಯ್ಯುತ್ತದೆ. ಅಲ್ಲಿ ಆರ್ಥರನು ವರ್ಷವರ್ಷವೂ ಮರಳಿ ತೆರೆದುಕೊಳ್ಳುವ ಗಾಯಗಳೊಡನೆ ಮಲಗಿರುತ್ತಾನೆ. ಈ ಕಥೆಯನ್ನು ನಡೆಯಿಸುವವಳು ಮೊರ್ಗಾನಾ ಅಲ್ಲ. ಆದರೆ ಗಾಯಗೊಂಡ ರಾಜನು ಎಲ್ಲಿರುವನೋ ಅವನನ್ನು ಉಪಚರಿಸುವವಳೂ ಅಲ್ಲಿಯೇ ಇರಬೇಕಷ್ಟೆ. ಅದೇ ಶತಮಾನದ 'ಫ್ಲೋರಿಯಾಂತ್ ಮತ್ತು ಫ್ಲೋರೆತ್' ಎಂಬ ಫ್ರೆಂಚ್ ಕಾವ್ಯದಲ್ಲಿ ಅವಳು ಎಟ್ನಾದ ಒಡತಿಯೇ ಆಗಿದ್ದಾಳೆ. ಸಿಸಿಲಿಯ ರಾಜನ ಮಗನಾದ ಹಸುಗೂಸನ್ನು ಒಯ್ದು ಆ ಪರ್ವತದ ತನ್ನ ನಿವಾಸದಲ್ಲಿ ಸಾಕುತ್ತಾಳೆ. ಕಾವ್ಯದ ಕೊನೆಯಲ್ಲಿ ಬಿಳಿಯ ಸಾರಂಗವೊಂದು ಅವನನ್ನು ಮತ್ತೆ ಅವಳ ಬಳಿಗೆ ಕರೆತರುತ್ತದೆ.

ಈ ಸ್ಥಳಾಂತರವು ಸಾಮಾನ್ಯವಾದುದಲ್ಲ. ಮಂಜು ಮುಸುಕಿದ ಉತ್ತರಸಮುದ್ರದ ಸೇಬಿನ ತೋಟವೆಲ್ಲಿ, ಬೆಂಕಿಯನ್ನು ಕಾರುವ ದಕ್ಷಿಣದ ಜ್ವಾಲಾಮುಖಿಯೆಲ್ಲಿ! ಆದರೂ ಮೇಲೆ ಬೆಂಕಿ, ತಪ್ಪಲಲ್ಲಿ ತೋಟ ಎಂಬ ಎಟ್ನಾದ ಸ್ವರೂಪವು ಇಬ್ಬಗೆಯ ಸ್ವಭಾವದ ಈ ದೇವತೆಗೆ ಚೆನ್ನಾಗಿ ಒಪ್ಪುತ್ತದೆ. ಬ್ರಿಟನ್ನಿನಲ್ಲಿ ಅವಳು ಒಂದು ವಂಶಕ್ಕೆ ಸೇರಿದವಳಾಗಿದ್ದಳು. ಸಿಸಿಲಿಯಲ್ಲಿ ಒಂದು ಸ್ಥಳಕ್ಕೆ ಸೇರಿದವಳಾದಳು. ಅಣ್ಣನ ಕಥೆಯು ಹಿಂದೆ ಸರಿದಂತೆ ನೆಲದ ಕಥೆಯು ಮುಂದೆ ಬಂದಿತು.

ಜನಪ್ರಿಯ ಹಾಡುಗಬ್ಬಗಳಲ್ಲಿಯೂ ಅವಳ ಹೆಸರು ಬಳಕೆಯಲ್ಲಿತ್ತು. 'ಪುಲ್ಚೆಲ್ಲಾ ಗಾಯಾ' ಎಂಬ ಕಥನಗೀತದಲ್ಲಿ ಗಾಲ್ವಾನೊ ಎಂಬ ವೀರನು ಸರ್ಪರೂಪದಿಂದ ಬಂದ ಕನ್ನಿಕೆಯೊಬ್ಬಳನ್ನು ಪ್ರೀತಿಸುತ್ತಾನೆ. ಅವಳು ಮೊರ್ಗಾನಾಳ ಮಗಳು. ಗುಟ್ಟನ್ನು ಅವನು ಹೊರಗೆಡಹಿದುದರಿಂದ ಪ್ರಿಯೆಯನ್ನು ಕಳೆದುಕೊಳ್ಳುತ್ತಾನೆ. ತಾಯಿಯು ಮಗಳನ್ನು ನೀರು ತುಂಬಿದ ಸೆರೆಯಲ್ಲಿ ಇಡುತ್ತಾಳೆ. ಇಲ್ಲಿ ಮೊರ್ಗಾನಾ ಕಠೋರಳಾದ ತಾಯಿ. ಸಂತೆಯಲ್ಲಿ ಹಾಡುವವನಿಗೂ ಕೇಳುವವನಿಗೂ ಅವಳ ಪರಿಚಯವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲವೆಂಬುದು ಇದರಿಂದ ತೋರುತ್ತದೆ.

೪

ಮೊರ್ಗಾನಾಳ ಇಟಾಲಿಯನ್ ಜೀವನದಲ್ಲಿ ಮುಖ್ಯವಾದ ಘಟ್ಟವೆಂದರೆ ಮತ್ತೆಯೊ ಮರಿಯಾ ಬೊಯಾರ್ದೊ ಕವಿಯ 'ಪ್ರೇಮಾಸಕ್ತ ಒರ್ಲಾಂದೊ'. ಫೆರಾರಾದ ರಾಜಾಸ್ಥಾನಕ್ಕೆ ಸೇರಿದ ಈ ಕವಿಯು ೧೪೯೪ರಲ್ಲಿ ಕಾವ್ಯವನ್ನು ಮುಗಿಸದೆಯೇ ತೀರಿಕೊಂಡನು. ಶಾರ್ಲಮೇನ್ ಚಕ್ರವರ್ತಿಯ ವೀರರ ಕಥೆಗೆ ಆರ್ಥರನ ಕಥೆಗಳ ಪ್ರೇಮವನ್ನೂ ಮಾಯೆಯನ್ನೂ ಬೆರೆಸಿದುದು ಆತನ ಸಾಧನೆ. ಆ ಮಿಶ್ರಣದ ಫಲವಾಗಿ ಮೊರ್ಗಾನಾ ಈ ಕಾವ್ಯದಲ್ಲಿ ಸಂಪತ್ತಿನ ಒಡತಿಯಾಗಿ ಬರುತ್ತಾಳೆ.

ಕಥೆಯ ಸಾರವಿಷ್ಟು. ಬಂಗಾರದ ಕೊಂಬುಗಳುಳ್ಳ ಅವಳ ಸಾರಂಗವನ್ನು ಹಿಡಿದವನಿಗೆ ಅಪಾರವಾದ ಐಶ್ವರ್ಯವುಂಟು. ಒರ್ಲಾಂದೊ ಅದನ್ನು ತುಚ್ಛವೆಂದು ತಳ್ಳಿಬಿಡುತ್ತಾನೆ. ಮುಂದೆ ಎರಡನೆಯ ಭಾಗದಲ್ಲಿ, ಒಂದು ಸರೋವರದ ತಳದಲ್ಲಿರುವ ಅವಳ ರಾಜ್ಯಕ್ಕೆ ಅವನೇ ಇಳಿಯಬೇಕಾಗುತ್ತದೆ. ಏಕೆಂದರೆ ಅನೇಕ ವೀರರು ಅಲ್ಲಿ ಸೆರೆಯಲ್ಲಿದ್ದಾರೆ. ಸೇತುವೆಯನ್ನು ಕಾಯುವ ಅರಿದಾನೊ ಎಂಬ ಕ್ರೂರನನ್ನು ನೀರಿನೊಳಗೇ ಕೊಂದು ಒರ್ಲಾಂದೊ ಮುಂದೆ ಹೋಗುತ್ತಾನೆ. ಒಂದು ಕಾರಂಜಿಯ ಬಳಿ ಮೊರ್ಗಾನಾ ನಿದ್ರಿಸುತ್ತಿದ್ದಾಳೆ. ಅವಳ ಕೂದಲೆಲ್ಲವೂ ಮುಂದಲೆಯಲ್ಲಿದೆ, ಹಿಂದಲೆಯು ಬೋಳು. ಆಗ ಮುಂದಲೆಯನ್ನು ಹಿಡಿದಿದ್ದರೆ ಕೆಲಸವು ಕ್ಷಣದಲ್ಲಿ ಮುಗಿಯುತ್ತಿತ್ತು. ಅವನು ಹಿಡಿಯದೆ ಮುಂದಕ್ಕೆ ನಡೆಯುತ್ತಾನೆ; ಸ್ಫಟಿಕದ ಸೆರೆಯಲ್ಲಿ ಗೆಳೆಯರನ್ನು ಕಂಡು, ಬೀಗದ ಕೈಯು ಅವಳಲ್ಲಿದೆಯೆಂದು ತಿಳಿದು ಮರಳುತ್ತಾನೆ. ಅಷ್ಟರಲ್ಲಿ ಅವಳು ಎಚ್ಚೆತ್ತು ಹಾಡುತ್ತ ಕುಣಿಯುತ್ತಿದ್ದಾಳೆ. ಅವನನ್ನು ಕಂಡೊಡನೆ ಓಡುತ್ತಾಳೆ. ಕಲ್ಲುಮುಳ್ಳಿನ ಕಾಡಿನಲ್ಲಿ, ಬಿರುಗಾಳಿಯಲ್ಲಿ ಅವನು ಅವಳನ್ನು ಅಟ್ಟುವಾಗ 'ಪಶ್ಚಾತ್ತಾಪ' ಎಂಬ ಬಡಕಲು ಹೆಂಗಸು ಹಿಂದಿನಿಂದ ಚಾವಟಿಯಲ್ಲಿ ಹೊಡೆಯುತ್ತ ಬರುತ್ತಾಳೆ. ಕೊನೆಗೆ ಮುಂದಲೆಯು ಕೈಗೆ ಸಿಕ್ಕುತ್ತದೆ. ಬೆಳ್ಳಿಯ ಬೀಗದ ಕೈಯು ದೊರೆಯುತ್ತದೆ.

ಇದು ಅದೃಷ್ಟದ ಅಥವಾ ಸುಸಂಧಿಯ ರೂಪಕವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮುಂದಲೆಯ ಕಲ್ಪನೆಯು ಗ್ರೀಕ್ ಲ್ಯಾಟಿನ್ ಕವಿಗಳಿಂದಲೇ ಬಂದುದು. ಹಾಗಾದರೆ ಆಕ್ಷೇಪಣೆಯು ನಿಜವಾಯಿತೆ? ಆಗಲಿಲ್ಲ, ಅದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ಹೆಸರಿಗೆ ಸಂಬಂಧಿಸಿದುದು. ಇಟಾಲಿಯನ್ನಿನ 'ಫಾತಾ' ಎಂಬ ಮಾತು 'ವಿಧಿ' ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿತು. ಮಾಯಾಂಗನೆ ಎಂಬ ಅರ್ಥವು ಹಿಂದಿನಿಂದ ಬೆಳೆದುದು. ಮೊರ್ಗಾನಾಳಿಗೆ ಅದೃಷ್ಟದ ಲಕ್ಷಣಗಳನ್ನು ಕೊಟ್ಟ ಬೊಯಾರ್ದೊ ಪರಕೀಯವಾದ ಬಟ್ಟೆಯನ್ನು ಅವಳಿಗೆ ತೊಡಿಸಲಿಲ್ಲ. ಆ ಮಾತಿನಲ್ಲಿಯೇ ಮಲಗಿದ್ದ ಹಳೆಯ ಅರ್ಥವನ್ನು ಎಬ್ಬಿಸಿದನು.

ಎರಡನೆಯದು ಇನ್ನೂ ಮುಖ್ಯವಾದುದು. ಬರಿಯ ರೂಪಕಕ್ಕೆ ಹೃದಯವಿರುವುದಿಲ್ಲ. ಈ ಮೊರ್ಗಾನಾಳಿಗೆ ಉಂಟು. ಸೆರೆಯಾಳುಗಳನ್ನೆಲ್ಲ ಬಿಟ್ಟುಕೊಡುವಾಗ ಅವಳು ಒಬ್ಬನನ್ನು ಮಾತ್ರ ತನಗೆ ಉಳಿಸಬೇಕೆಂದು ಒರ್ಲಾಂದೊವನ್ನು ಬೇಡಿಕೊಳ್ಳುತ್ತಾಳೆ. ಅವನು ಮೊನೊದಾಂತೆ ರಾಜನ ಮಗನಾದ ಝಿಲಿಯಾಂತೆ. ಅವನ ಮೇಲೆ ಅವಳಿಗೆ ಬಿಡಲಾರದ ಮೋಹ. ಲೋಕದ ಚಿನ್ನವನ್ನೆಲ್ಲ ಹಂಚುವ ಕೈಯು ಇಲ್ಲಿ ಒಬ್ಬ ಮನುಷ್ಯನಿಗಾಗಿ ಚಾಚಿಕೊಂಡಿದೆ. ಮುಂದೆ ಒರ್ಲಾಂದೊ ಮರಳಿ ಬಂದು ಅವನನ್ನೂ ಬಿಡಿಸುತ್ತಾನೆ. ಇನ್ನು ಮೇಲೆ ಬೆನ್ನಟ್ಟುವುದಿಲ್ಲವೆಂದು ದೆಮೊಗೊರ್ಗೊನ್ ದೇವನ ಮೇಲೆ ಅವಳಿಂದ ಆಣೆಯಿಡಿಸುತ್ತಾನೆ. ಅದೃಷ್ಟವು ಯಾರಿಗೂ ಕಟ್ಟುಬೀಳದೆಂಬುದು ರೂಪಕದ ನಿಯಮ. ಕವಿಯು ಆ ನಿಯಮವನ್ನು ಮುರಿದು, ಅದೃಷ್ಟವನ್ನೇ ಪ್ರೇಮಕ್ಕೆ ಅಡಿಯಾಳಾಗಿಸಿದ್ದಾನೆ. ಪ್ರೇಮವು ಎಲ್ಲರನ್ನೂ ಗೆಲ್ಲುವುದೆಂಬ ಅವನ ಕಾವ್ಯದ ಮೂಲಸೂತ್ರವು ಮಾಯಾವಿನಿಯನ್ನೂ ಬಿಟ್ಟಿಲ್ಲ.

ಬೊಯಾರ್ದೊವಿನಲ್ಲಿ ದೋಷಗಳಿಲ್ಲವೆಂದಲ್ಲ. ಪಶ್ಚಾತ್ತಾಪವು ಅಟ್ಟಿಬರುವ ಭಾಗದಲ್ಲಿ ನೀತಿಯು ತಾನಾಗಿಯೇ ಬಾಯಿಬಿಟ್ಟು ಮಾತನಾಡುತ್ತದೆ. ಕಥೆಯು ಹೇಳದೆಯೇ ಹೇಳಿದುದನ್ನು ಅದು ಮತ್ತೆ ಹೇಳುತ್ತದೆ. ಆದರೆ ಅದರ ಬೆನ್ನಿಗೇ ಬರುವ ಒಂದು ಸಂಗತಿಯಲ್ಲಿ ಕವಿಯ ನಗೆಯು ಮರಳುತ್ತದೆ. ಬಿಡುಗಡೆಹೊಂದಿದ ರಿನಾಲ್ದೊ ಹೊರಡುವಾಗ ಚಿನ್ನದ ಪೀಠವೊಂದನ್ನು ಹೊತ್ತುಕೊಳ್ಳುತ್ತಾನೆ. ಬಾಗಿಲಿಗೆ ಬಂದಾಗಲೆಲ್ಲ ಗಾಳಿಯೊಂದು ಬೀಸಿ ಅವನನ್ನು ಹಿಂದಕ್ಕೆ ನೂಕುತ್ತದೆ. ಪೀಠವನ್ನು ಬಿಟ್ಟ ಮೇಲೆಯೇ ಅವನಿಗೆ ದಾರಿ. ಇಲ್ಲಿ ಉಪದೇಶದ ಮಾತೊಂದೂ ಬೇಕಾಗಿಲ್ಲ.

೫

ಲೊದೊವಿಕೊ ಅರಿಯೊಸ್ತೊ ಬೊಯಾರ್ದೊವಿನ ಕಥೆಯನ್ನು ಮುಂದುವರಿಸಿ 'ಉನ್ಮತ್ತ ಒರ್ಲಾಂದೊ'ವನ್ನು ೧೫೧೬ರಲ್ಲಿ ಪ್ರಕಟಿಸಿ, ೧೫೩೨ರಲ್ಲಿ ಅದರ ಕೊನೆಯ ಪಾಠವನ್ನು ಕೊಟ್ಟನು. ಕಾವ್ಯಕಲೆಯಲ್ಲಿ ಇವನು ಪೂರ್ವಿಕನನ್ನು ಮೀರಿದವನೆಂಬುದರಲ್ಲಿ ವಿವಾದವಿಲ್ಲ. ಆದರೆ ಮೊರ್ಗಾನಾಳಿಗೆ ಇವನ ಕಾವ್ಯದಲ್ಲಿ ಸ್ಥಳವು ಬಹು ಕಡಮೆ. ಹೆಂಡತಿಯ ಶೀಲವನ್ನು ಪರೀಕ್ಷಿಸುವ ಪಾನಪಾತ್ರೆಯ ಪ್ರಸಂಗದಲ್ಲಿ, ಅಣ್ಣನಿಗೆ ರಾಣಿಯ ತಪ್ಪನ್ನು ತೋರಿಸಲು ಅಂತಹುದನ್ನು ಮಾಡಿದವಳೆಂದು ಅವಳ ಹೆಸರು ಬಂದುಹೋಗುತ್ತದೆ. ಅದಕ್ಕೆ ಮೊದಲು, ಅಲ್ಚಿನಾಳ ಸೋದರಿಯೆಂದೂ ಸಾಧ್ವಿಯಾದ ಲೊಜಿಸ್ತಿಲ್ಲಾಳ ರಾಜ್ಯವನ್ನು ಕಸಿದುಕೊಳ್ಳಲು ಅವಳೊಡನೆ ಸೇರಿದವಳೆಂದೂ ಹೇಳಿದೆ.

ಮೊರ್ಗಾನಾಳ ಕಾಂತಿಯೆಲ್ಲವೂ ಈ ಅಲ್ಚಿನಾಳಿಗೆ ಸಂದಿತು. ಬೊಯಾರ್ದೊವಿನಲ್ಲಿಯೇ ಹುಟ್ಟಿದ್ದ ಈ ತಂಗಿಯು ಅರಿಯೊಸ್ತೊವಿನಲ್ಲಿ ಒಂದು ದ್ವೀಪದ ರಾಣಿ. ಪ್ರಿಯರನ್ನು ಕೆಲವು ಕಾಲ ಸುಖದಲ್ಲಿ ತೇಲಿಸಿ, ಬೇಸರವಾದೊಡನೆ ಗಿಡವಾಗಿ, ಮೃಗವಾಗಿ, ಬುಗ್ಗೆಯಾಗಿ ಮಾರ್ಪಡಿಸುತ್ತಾಳೆ. ಅಸ್ತೊಲ್ಫೊ ಎಂಬ ವೀರನು ಮಿರ್ಟಲ್ ಗಿಡವಾಗಿ ನಿಂತು ರುಜ್ಜೇರೊವಿಗೆ ಎಚ್ಚರಿಕೆಯನ್ನು ಹೇಳುತ್ತಾನೆ. ಎಚ್ಚರಿಕೆಯನ್ನು ಕೇಳಿಯೂ ರುಜ್ಜೇರೊ ಬಲೆಗೆ ಬೀಳುತ್ತಾನೆ. ಕೊನೆಗೆ ಮೆಲಿಸ್ಸಾ ತಂದ ಉಂಗುರವನ್ನು ತೊಟ್ಟು ನೋಡಿದಾಗ ಆ ಸುಂದರಿಯು ಹಲ್ಲುಬಿದ್ದ ಮುದುಕಿಯಾಗಿ ಕಾಣುತ್ತಾಳೆ.

ಅಕ್ಕತಂಗಿಯರನ್ನು ಹೋಲಿಸಿದರೆ ಇಬ್ಬರು ಕವಿಗಳ ದೃಷ್ಟಿಭೇದವು ವ್ಯಕ್ತವಾಗುತ್ತದೆ. ಅಲ್ಚಿನಾಳ ಚೆಲುವು ಸುಳ್ಳು. ಅದರ ಹಿಂದೆ ನಿಜವಾದ ಕುರೂಪವಿದೆ. ಉಂಗುರವು ಮುಸುಕನ್ನು ಕಳಚಿದೊಡನೆ ಪ್ರಶ್ನೆಯು ಮುಗಿಯಿತು. ಮೊರ್ಗಾನಾಳ ಚೆಲುವಿನಲ್ಲಿ ಸುಳ್ಳಿಲ್ಲ. ಅವಳ ಮುಂದಲೆಯೂ ನಿಜ, ಬೋಳಾದ ಹಿಂದಲೆಯೂ ನಿಜ. ಯಾವುದು ಕೈಗೆ ಸಿಕ್ಕುವುದೆಂಬುದು ಬಂದವನ ಸಮಯವನ್ನು ಅವಲಂಬಿಸಿದೆ. ಅರಿಯೊಸ್ತೊವಿನ ಮಾಯೆಯು ಕಣ್ಣಿನ ತಪ್ಪು, ಬೊಯಾರ್ದೊವಿನ ಮಾಯೆಯು ಕಾಲದ ತಪ್ಪು. ಮೊದಲನೆಯದಕ್ಕೆ ಮದ್ದಿದೆ, ಎರಡನೆಯದಕ್ಕೆ ಚಾವಟಿಯ ಪೆಟ್ಟು ಮಾತ್ರ ಇದೆ. ಕುಶಲತೆಯಲ್ಲಿ ಅರಿಯೊಸ್ತೊ ಹಿರಿಯನಾದರೂ ಈ ಒಂದು ಕಲ್ಪನೆಯ ಆಳದಲ್ಲಿ ಬೊಯಾರ್ದೊವೇ ಹಿರಿಯನೆಂದು ಹೇಳಬೇಕಾಗುತ್ತದೆ.

೬

ಶಿಲ್ಪಿಗಳೂ ಚಿತ್ರಕಾರರೂ ನಾಟಕಕಾರರೂ ಈ ಸೋದರಿಯರನ್ನು ಹಂಚಿಕೊಂಡರು. ನಿಕ್ಕೊಲೊ ದೆಲ್ಲಾಬಾತೆಯು ಹದಿನಾರನೆಯ ಶತಮಾನದ ನಡುವೆ ಬೊಲೋನ್ಯದ ಅರಮನೆಯೊಂದರ ಗೋಡೆಗಳ ಮೇಲೆ ರುಜ್ಜೇರೊ ಮತ್ತು ಅಲ್ಚಿನಾಳ ಕಥೆಯನ್ನು ಬರೆದನು. ಫೆರಾರಾದ ದೊಸ್ಸೊ ದೊಸ್ಸಿಯು ಬರೆದ ಮಾಂತ್ರಿಕಳ ಚಿತ್ರವೊಂದು ರೋಮಿನ ಬೊರ್ಗೇಸೆ ಚಿತ್ರಶಾಲೆಯಲ್ಲಿದೆ. ಬಹುಕಾಲ ಅವಳನ್ನು ಗ್ರೀಕರ ಸರ್ಸೆಯೆಂದು ತಿಳಿದಿದ್ದರು. ಆದರೆ ಅವಳ ಮುಖದಲ್ಲಿ ಕ್ರೌರ್ಯವಿಲ್ಲ. ಮರದಲ್ಲಿ ತೂಗುವ ಸಣ್ಣ ಮನುಷ್ಯಾಕೃತಿಗಳಿಗೆ ಬಿಡುಗಡೆಯನ್ನು ಕೊಡುವಳೋ ಎಂಬಂತೆ ಕುಳಿತಿದ್ದಾಳೆ. ಅವಳು ಅಲ್ಚಿನಾಳ ಮಾಯೆಯನ್ನು ಬಿಡಿಸುವ ಮೆಲಿಸ್ಸಾ ಎಂಬುದೇ ಈಗ ಹೆಚ್ಚಾಗಿ ಒಪ್ಪಿತವಾದ ಅಭಿಪ್ರಾಯ. ಬಂಧಿಸುವವಳನ್ನೂ ಬಿಡಿಸುವವಳನ್ನೂ ಗುರುತಿಸುವುದರಲ್ಲಿ ಇಷ್ಟು ಕಾಲ ಸಂದೇಹವುಂಟಾದುದೇ ಅರ್ಥಗರ್ಭಿತವಾಗಿದೆ.

ಮೊರ್ಗಾನಾಳಿಗೆ ಸ್ವಂತವಾದ ಪ್ರತಿಮೆಯನ್ನು ಕೊಟ್ಟವನು ಜಾಂಬೊಲೋನ್ಯ. ಫ್ಲಾರೆನ್ಸಿನ ಬಳಿ ಬೆರ್ನಾರ್ದೊ ವೆಕ್ಕಿಯೆತ್ತಿಯ 'ಇಲ್ ರಿಪೋಸೊ' ಎಂಬ ತೋಟದ ಮನೆಯಿತ್ತು. ಅಲ್ಲಿಯ ಬುಗ್ಗೆಯ ಗುಹಾಗೃಹಕ್ಕಾಗಿ ಅವನು ಸುಮಾರು ೧೫೭೨ರಲ್ಲಿ ಅವಳ ಅಮೃತಶಿಲೆಯ ಮೂರ್ತಿಯನ್ನು ಕಡೆದನು. ರಫಾಯೆಲ್ಲೊ ಬೊರ್ಗೀನಿಯು ೧೫೮೪ರಲ್ಲಿ ಪ್ರಕಟಿಸಿದ ಕಲಾವಿಷಯಕ ಸಂವಾದಗ್ರಂಥಕ್ಕೆ ಆ ಮನೆಯ ಹೆಸರನ್ನೇ ಇಟ್ಟಿದ್ದಾನೆ. ಮುಂದೆ ಮೂರ್ತಿಯು ಇಂಗ್ಲೆಂಡಿಗೆ ಹೋಯಿತು. ಗುಹೆಯು ಅಲ್ಲಿಯೇ ಉಳಿಯಿತು. ಜೆಫ್ರಿಯ ದ್ವೀಪ, ಬೊಯಾರ್ದೊವಿನ ಸರೋವರ, ಈ ಬುಗ್ಗೆ: ಎಲ್ಲೆಲ್ಲಿಯೂ ಅವಳಿಗೆ ನೀರಿನ ಸಂಬಂಧವು ತಪ್ಪಲಿಲ್ಲವೆಂಬುದನ್ನು ಗಮನಿಸಬೇಕು.

ಸಂಗೀತರೂಪಕದಲ್ಲಿ ತಂಗಿಗೇ ಪ್ರಾಶಸ್ತ್ಯ. ಫ್ರಾಂಚೆಸ್ಕಾ ಕಾಚ್ಚಿನಿ ಎಂಬ ವಿದುಷಿಯು ರಚಿಸಿದ, ಅಲ್ಚಿನಾಳ ದ್ವೀಪದಿಂದ ರುಜ್ಜೇರೊವಿನ ಬಿಡುಗಡೆಯನ್ನು ಕುರಿತ ಕೃತಿಯು ೧೬೨೫ರಲ್ಲಿ ಫ್ಲಾರೆನ್ಸಿನಲ್ಲಿ ಪ್ರಯೋಗವಾಯಿತು. ಹ್ಯಾಂಡೆಲನ 'ಅಲ್ಚಿನಾ' ೧೭೩೫ರಲ್ಲಿ ಲಂಡನ್ನಿನಲ್ಲಿ ರಂಗವನ್ನೇರಿತು. ಮೊರ್ಗಾನಾಳ ಪಾಲಿಗೆ ಬಂದುದು ಪ್ರಹಸನ. ಕಾರ್ಲೊ ಗೊಝ್ಝಿಯು ೧೭೬೧ರಲ್ಲಿ ವೆನಿಸ್ಸಿನಲ್ಲಿ ಆಡಿಸಿದ 'ಮೂರು ಕಿತ್ತಳೆಗಳ ಪ್ರೇಮ'ದಲ್ಲಿ ಅವಳು ಎಡವಿ ಬಿದ್ದು, ನಗುವೆಂಬುದನ್ನೇ ಮರೆತಿದ್ದ ರಾಜಕುಮಾರನನ್ನು ನಗಿಸುತ್ತಾಳೆ. ಕೋಪದಿಂದ ಅವನಿಗೆ ಶಾಪವನ್ನೂ ಕೊಡುತ್ತಾಳೆ. ಆ ಪಾತ್ರದ ಮೂಲಕ ಗೊಝ್ಝಿಯು ತನ್ನ ಪ್ರತಿಸ್ಪರ್ಧಿಯಾದ ಕ್ಯಾರಿಯನ್ನು ಹಾಸ್ಯಮಾಡಿದನು. ಅವನತಿಯ ವಾದಿಗಳಿಗೆ ಇದು ಒಳ್ಳೆಯ ಸಾಕ್ಷ್ಯವೆಂದು ತೋರಬಹುದು. ಆದರೆ ಗಾಯವನ್ನು ಮಾಯಿಸಿದವಳು ಇಲ್ಲಿ ತಾನರಿಯದೆಯೇ ವಿಷಾದರೋಗವನ್ನು ಮಾಯಿಸಿದ್ದಾಳೆಂಬುದನ್ನು ಮರೆಯಬಾರದು. ೧೯೨೧ರಲ್ಲಿ ಶಿಕಾಗೊ ನಗರದಲ್ಲಿ ಮೊದಲು ಪ್ರಯೋಗವಾದ ಪ್ರೊಕೊಫಿಯೆಫನ ಸಂಗೀತರೂಪಕವು ಇದೇ ಕಥೆಯಿಂದ ಹುಟ್ಟಿತು.

೭

ಕೊನೆಯದಾಗಿ ಬಿಸಿಲ್ಗುದುರೆಯ ವಿಷಯ. ಇಟಲಿಯ ತುದಿಗೂ ಸಿಸಿಲಿಗೂ ನಡುವಣ ಮೆಸ್ಸೀನಾ ಜಲಸಂಧಿಯಲ್ಲಿ, ತಣ್ಣನೆಯ ಗಾಳಿಯ ಪದರವು ನೀರಿನ ಮೇಲೆ ನಿಂತು ಅದರ ಮೇಲೆ ಬೆಚ್ಚನೆಯ ಪದರವು ಹರಡಿಕೊಂಡಾಗ ಬೆಳಕಿನ ಕಿರಣಗಳು ಬಾಗುತ್ತವೆ. ಆಗ ಎದುರು ದಡದ ವಸ್ತುಗಳು ಮೇಲೆದ್ದು, ಉದ್ದುದ್ದವಾಗಿ ಎಳೆದಂತೆ, ಒಂದರ ಮೇಲೊಂದು ಪೇರಿಸಿದಂತೆ ಕಾಣುತ್ತವೆ. ಇಗ್ನಾತ್ಸಿಯೊ ಆಂಜೆಲೂಚ್ಚಿ ಎಂಬ ಜೆಸುಯಿಟ್ ಪಾದ್ರಿಯು ೧೬೪೩ರ ಆಗಸ್ಟ್ ತಿಂಗಳಲ್ಲಿ ರೆಜ್ಜೊ ನಗರದಿಂದ ಇದನ್ನು ಕಂಡು ಬರೆದ ಪತ್ರವನ್ನು ಕಿರ್ಖೆರನು ೧೬೪೬ರ ತನ್ನ ಗ್ರಂಥದಲ್ಲಿ ಸೇರಿಸಿದನು. ಕಂಬಗಳ ಸಾಲು, ಕಮಾನುಗಳು, ಕೋಟೆಗಳು, ಕೊನೆಗೆ ಮರಗಳು, ಎಲ್ಲವೂ ನೀರಿನ ಕನ್ನಡಿಯ ಮೇಲೆ ಮೂಡಿ ಮರೆಯಾದುವೆಂದೂ, ತಾನು ಅದುವರೆಗೆ ನಂಬದಿದ್ದ ಮೊರ್ಗಾನಾ ಇದೇ ಎಂದೂ ಅವನು ಬರೆದನು. ಹೆಸರು ಆಗಲೇ ಜನರ ಬಾಯಲ್ಲಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಆಂತೊನಿಯೊ ಮಿನಾಸಿಯು ೧೭೭೩ರಲ್ಲಿ ಈ ವಿಷಯಕ್ಕೇ ಒಂದು ಪ್ರಬಂಧವನ್ನು ಮೀಸಲಿಟ್ಟನು.

ಆ ಕಡಲತೀರದಲ್ಲಿ ಎರಡು ಕಥೆಗಳನ್ನು ಹೇಳುತ್ತಾರೆ. ದಂಡೆತ್ತಿಬಂದ ಅನಾಗರಿಕ ರಾಜನೊಬ್ಬನಿಗೆ ಮೊರ್ಗಾನಾ ಸಿಸಿಲಿಯನ್ನು ಕೈಗೆಟಕುವಂತೆ ತೋರಿಸಿದಳು. ಅವನು ನೀರಿಗೆ ಹಾರಿ ಮುಳುಗಿಹೋದನು. ನಾರ್ಮನ್ ರೊಜರನಿಗೂ ಅವಳು ದಾಟಿಸುವೆನೆಂದು ಆಸೆ ತೋರಿದಳು. ಅವನು ಒಪ್ಪದೆ ಹಡಗುಗಳನ್ನೇ ನಂಬಿ ದ್ವೀಪವನ್ನು ಗೆದ್ದನು. ಇವು ಚರಿತ್ರೆಯಲ್ಲ, ಆದರೆ ಚಿನ್ನದ ಸಾರಂಗವನ್ನು ತಳ್ಳಿದ ಒರ್ಲಾಂದೊವೂ ಚಿನ್ನದ ಪೀಠವನ್ನು ಹೊತ್ತ ರಿನಾಲ್ದೊವೂ ಇವುಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ.

ಈ ದೃಶ್ಯಕ್ಕೆ ಜನರು ಅಲ್ಚಿನಾಳ ಹೆಸರನ್ನಲ್ಲದೆ ಮೊರ್ಗಾನಾಳ ಹೆಸರನ್ನು ಇಟ್ಟುದು ಉಚಿತವಾಗಿಯೇ ಇದೆ. ಬಿಸಿಲ್ಗುದುರೆಯಲ್ಲಿ ಕಾಣುವುದು ಸುಳ್ಳಲ್ಲ. ದಡವೂ ನಿಜ, ಅದರ ಬೆಳಕೂ ನಿಜ. ಕಂಡ ಸ್ಥಳದಲ್ಲಿ ಅದು ಇಲ್ಲವೆಂಬುದಷ್ಟೇ ಭೇದ. ಅದನ್ನು ಕಳಚಿಹಾಕುವ ಉಂಗುರವಿಲ್ಲ. ಕಾರಣವನ್ನು ತಿಳಿದವನಿಗೂ ಅದು ಹಾಗೆಯೇ ಕಾಣುತ್ತದೆ. ಗಳಿಗೆಯು ಕಳೆದರೆ ಮಾತ್ರ ಮರೆಯಾಗುತ್ತದೆ. ಬೊಯಾರ್ದೊ ಅವಳಲ್ಲಿ ಕಂಡ ಕಾಲಧರ್ಮವೇ ಇದು.

ಆದುದರಿಂದ ಮೊರ್ಗಾನಾ ಇಟಲಿಯಲ್ಲಿ ಕ್ಷಯಿಸಿದಳೆಂಬ ತೀರ್ಪನ್ನು ಮಾರ್ಪಡಿಸಬೇಕಾಗುತ್ತದೆ. ಅವಳು ಕಳೆದುಕೊಂಡುದು ಅಣ್ಣನನ್ನು, ಆಸ್ಥಾನವನ್ನು, ವಂಶವೃತ್ತಾಂತವನ್ನು. ಉಳಿಸಿಕೊಂಡುದು ನೀರನ್ನು, ಇಬ್ಬಗೆಯ ಸ್ವಭಾವವನ್ನು, ಮನುಷ್ಯನ ಆಸೆಯ ಮೇಲಣ ಅಧಿಕಾರವನ್ನು. ಆರ್ಥರನ ಕಥೆಯನ್ನೇ ಓದದ ಬೆಸ್ತನು ಸಹ ಬೆಳಗಿನ ಕಡಲನ್ನು ನೋಡಿ ಅವಳ ಹೆಸರನ್ನು ಹೇಳುವಂತಾದುದು ಒಂದು ಪುರಾಣವ್ಯಕ್ತಿಯ ಅಂತ್ಯವೆಂದು ಎಣಿಸತಕ್ಕುದಲ್ಲ. ಬ್ರಿಟನ್ನಿನ ಮಾರ್ಗನಳನ್ನು ಬೋಧಿಸುವವರು ಅವಳ ಇಟಲಿಯ ಜೀವನವನ್ನು ಅಡಿಟಿಪ್ಪಣಿಗೆ ಇಳಿಸದೆ, ಕಥೆಯ ಉತ್ತರಭಾಗವೆಂದೇ ಓದಿಸುವುದು ನ್ಯಾಯವಾಗಿದೆ.